ಹಿಂದಿನ ಅಡುಗೆಮನೆಯ ಏಕವಚನ

ಜನವರಿ 8, ಸೋಮವಾರ

ಟ್ರಸ್ಟಿನ ಕಾರ್ಯದರ್ಶಿಗಳು ಇವತ್ತು ಹಳೇ ಮನೆಯ ಬೀಗದ ಕೈ ಕೊಟ್ಟರು. ಕೊಡುವಾಗ ಅವರ ಮುಖ, ಹೊಸ ಸೈಕಲ್ಲನ್ನು ಪಕ್ಕದ ಮನೆಯ ಮಗುವಿಗೆ ಒಂದು ಸುತ್ತು ಹೊಡೆಯಲು ಕೊಟ್ಟವರ ಹಾಗಿತ್ತು.

“ಸದ್ಯಕ್ಕೆ ಸ್ವಲ್ಪ ದಿನ ನೋಡೋಣಮ್ಮ. ಗುರುವಾರ ಗುರುವಾರ ಒಂದೊಂದು ಶಾಲೆಯಿಂದ ಒಂದು ತರಗತಿ ಬರುತ್ತೆ. ಮಕ್ಕಳು ಖುಷಿಯಾಗಿ ಹೋದ್ರೆ ಮುಂದುವರಿಸ್ತೀವಿ. ಇಲ್ಲಾಂದ್ರೆ ಟ್ರಸ್ಟಿನವರು ಬೇರೆ ಯೋಚನೆ ಇಟ್ಕೊಂಡಿದಾರೆ.”

ಬೇರೆ ಯೋಚನೆ ಏನೆಂದು ಬೀದಿಗೆಲ್ಲ ಗೊತ್ತು. ಬಂದವರಿಗೆ ಹಳೆಯ ಕಾಲದ ಉಡುಪು ತೊಡಿಸಿ, ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ಹೊಡೆಯುವ ಅಂಗಡಿ. ಒಬ್ಬ ನ್ಯಾಯಾಧೀಶರು ನೂರೈವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ ಅದು. ಮುಂದೆ ಮೂರು ಜನ ಕೈ ಹಿಡಿದುಕೊಂಡು ಹತ್ತಬಹುದಾದ ಅಗಲದ ಮೆಟ್ಟಿಲು. ಹಿಂದೆ, ಆಳುಗಳು ಯಾರ ಕಣ್ಣಿಗೂ ಬೀಳದೆ ಓಡಾಡಲೆಂದು, ಭುಜ ಉಜ್ಜುವಷ್ಟು ಇಕ್ಕಟ್ಟಾದ ಇನ್ನೊಂದು ಮೆಟ್ಟಿಲು. ಅದರ ಬುಡದಲ್ಲಿ ಕಿಟಕಿಯಿಲ್ಲದ ಹಿಂದಿನ ಅಡುಗೆಮನೆ. ಗೋಡೆಯ ಮೇಲೆ ಸಾಲಾಗಿ ಗಂಟೆಗಳು. ಹಜಾರದಲ್ಲೋ ಮೇಲಿನ ಕೋಣೆಯಲ್ಲೋ ಹಗ್ಗ ಎಳೆದರೆ ಇಲ್ಲಿ ಗಂಟೆ ಕುಣಿಯುತ್ತದೆ. ತಂತಿಗಳು ತುಕ್ಕು ಹಿಡಿದಿದ್ದವು, ಎಣ್ಣೆ ಬಿಟ್ಟೆ. ಒಂದು ಕುಣಿಯಿತು. ನಾನೂ ಕುಣಿದೆ ಅನ್ನಿ.

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಕಮ್ಮಿ. ಹೊಲಿಗೆ ಅಂಗಡಿ ನಡೆಸುತ್ತಿದ್ದಾಗ ಅಳತೆಯ ಕಾಗದ ಕತ್ತರಿಸಲೆಂದು ಹಳೆಯ ಪುಸ್ತಕಗಳನ್ನು ತೂಕದ ಲೆಕ್ಕದಲ್ಲಿ ತರುತ್ತಿದ್ದೆ. ಕತ್ತರಿ ಹಾಕುವ ಮುಂಚೆ ಒಂದು ಪುಟ ಓದೋಣವೆಂದು ಕೂರುತ್ತಿದ್ದೆ. ಓದಿದ ಮೇಲೆ ಕತ್ತರಿ ಹಾಕಲು ಕೈ ಬರುತ್ತಿರಲಿಲ್ಲ. ಗಿರಾಕಿಗಳ ರವಿಕೆ ತಡವಾಗುತ್ತಿತ್ತು. ನನ್ನ ವಿದ್ಯೆ ಇಷ್ಟೇ. ಆದರೆ ಆ ಕಾಲದವರು ಬಟ್ಟೆ ಒಗೆದದ್ದು, ದೀಪ ಹಚ್ಚಿದ್ದು, ನೀರು ಸೇದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮಕ್ಕಳಿಗೆ ಅದನ್ನು ಹೇಳುವುದಲ್ಲ, ಮಾಡಿಸಬೇಕು. ಒಂದು ದಿನ ಅವರು ಅಲ್ಲಿ ಬದುಕಿ ಬರಬೇಕು.

ಮನೆಗೆ ಬಂದರೆ ತಂಗಿ ಕನ್ನಡಕ ಮೂಗಿನ ತುದಿಗಿಳಿಸಿ ಪದಬಂಧ ಬಿಡಿಸುತ್ತಿದ್ದಳು. ದಾದಿಯಾಗಿ ಸೇವೆ ಮಾಡಿ ನಿವೃತ್ತಳಾದ ಮೇಲೆ ಅವಳಿಗೆ ಉಳಿದ ಒಬ್ಬಳೇ ರೋಗಿ ನಾನು. “ಬಾರಮ್ಮ ಯಜಮಾನಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಬಂದ್ಯಾ?” ಎಂದಳು. ಪಾತ್ರೆಯವಳು ಆಗಲೇ ಬಂದು ತೊಳೆದು ಹೋಗಿದ್ದಳು. ಬಾಣಲೆಯ ತಳ ಹಾಗೆಯೇ ಬಿಟ್ಟಿದ್ದಾಳೆ. ಸಿಗಲಿ ನಾಳೆ.


ಜನವರಿ 11, ಗುರುವಾರ

ಮೊದಲ ತರಗತಿ. ಬರೆಯುವುದು ಬೇಕಾದಷ್ಟಿದೆ, ಬೆರಳೇ ನೋಯುತ್ತಿದೆ.

ಬಾಗಿಲಲ್ಲೇ ಒಂದು ಪೆಟ್ಟಿಗೆ ಇಟ್ಟಿದ್ದೆ, ಫೋನು, ಕೈಗಡಿಯಾರ ಎಲ್ಲ ಅದಕ್ಕೆ. ಆಮೇಲೆ ಟೋಪಿ ಡಬ್ಬಿಯಲ್ಲಿ ಚೀಟಿಗಳು. ಹೆಚ್ಚಿನವರಿಗೆ ಮನೆಯವರು, ನೆಂಟರು. ನಾಲ್ವರಿಗೆ ಆಳು. ನಾನು ಯಜಮಾನಿ. ನಮ್ಮಜ್ಜಿಯ ಕಾಲದ ಕಪ್ಪು ಶಾಲು ಹೊದ್ದು, ಕೂದಲು ಬಿಗಿದು ಕಟ್ಟಿ, ದೊಡ್ಡ ಕುರ್ಚಿಯಲ್ಲಿ ಕೂತೆ. ನನಗೇ ನನ್ನನ್ನು ಕಂಡು ಹೆದರಿಕೆಯಾಗಬೇಕು, ಹಾಗೆ.

ನೀರು ಸೇದಿದರು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಎತ್ತಲಾಗದೆ “ಅಜ್ಜೀ, ಇದಕ್ಕೆ ಚಾರ್ಜರ್ ಎಲ್ಲಿ?” ಎಂದರು. ಮಲಗುವ ಕೋಣೆಯಲ್ಲಿ ಒಬ್ಬಳು ಕೇಳಿದಳು:

“ರಾತ್ರಿ ಬಾತ್‌ರೂಮಿಗೆ ಅರ್ಜೆಂಟಾದ್ರೆ?”

“ಮಂಚದ ಕೆಳಗೆ ಪಿಂಗಾಣಿ ಪಾತ್ರೆ ಇದೆ ನೋಡು.”

“ಛೀ! ಬೆಳಿಗ್ಗೆ ಅದನ್ನ ಯಾರು…”

ಪ್ರಶ್ನೆ ಮುಗಿಯಲಿಲ್ಲ. ಇಡೀ ತರಗತಿ ತಿರುಗಿ ನಾಲ್ಕು ಜನ ಆಳುಗಳನ್ನು ನೋಡಿತು. ಆ ನಾಲ್ವರ ಮುಖ ನೋಡಬೇಕಿತ್ತು. ಪಾಠ ಅಂದರೆ ಅದು. ಅವರಲ್ಲೊಬ್ಬ, ನಡೆದರೆ ಹಿಮ್ಮಡಿಯಲ್ಲಿ ದೀಪ ಹತ್ತುವ ಬೂಟಿನ ಹುಡುಗ. ಮೂಗು ಹಿಡಿದುಕೊಂಡು ಖಾಲಿ ಪಾತ್ರೆಯನ್ನು ಹಿಂದಿನ ಮೆಟ್ಟಿಲಿನಿಂದ ಇಳಿಸಿದ.

ಆಳುಗಳನ್ನು ಏಕವಚನದಲ್ಲೇ ಕರೆದೆ. “ಏಯ್, ಬಾ ಇಲ್ಲಿ. ಕಿವಿ ಕೇಳಲ್ವೇನೋ ನಿಂಗೆ?” ಆಳುಗಳಾದರೋ ಯಜಮಾನರ ಮನೆಯ ಹಸುಗೂಸಿಗೂ ‘ನೀವು’ ಅನ್ನಬೇಕು. ತಮ್ಮ ಪಕ್ಕದ ಬೆಂಚಿನವನಿಗೆ “ನೀವು ನೀರು ಕುಡೀತೀರಾ?” ಎಂದು ಕೇಳುವಾಗ ನಕ್ಕು ಸತ್ತರು. ಊಟದ ಹೊತ್ತಿಗೆ ನಗು ನಿಂತಿತು. ಮನೆಯವರ ಊಟ ಮುಗಿಯುವವರೆಗೆ ಆಳುಗಳು ಗೋಡೆಗೆ ಬೆನ್ನು ಕೊಟ್ಟು ನಿಂತರು, ಆಮೇಲೆ ಹಿಂದಿನ ಅಡುಗೆಮನೆಯಲ್ಲಿ ತಣ್ಣಗಾದದ್ದನ್ನು ತಿಂದರು. ಸುಳ್ಳು ಹತ್ತೊಂಬತ್ತನೇ ಶತಮಾನ ನನಗೆ ಬೇಡ. ಚಂದದ ದೀಪ, ಚಂದದ ಲೋಟ ತೋರಿಸಿ ಕಳಿಸುವುದಾದರೆ ಫೋಟೋ ಅಂಗಡಿಯೇ ಸಾಕಲ್ಲ.

ಪಾತ್ರೆಯವಳು ಹೇಳದೆ ಕೇಳದೆ ರಜೆ ಹಾಕಿದ್ದಾಳೆ. ಇವತ್ತೇ ಆಗಬೇಕಿತ್ತೇ ಅವಳಿಗೆ?


ಜನವರಿ 12, ಶುಕ್ರವಾರ

ದೀಪದ ಬೂಟಿನ ಹುಡುಗನ ತಾಯಿ ದೂರು ಕೊಟ್ಟಿದ್ದಾರೆ. ಊರಿನ ಶಾಲೆಗಳ ಪೋಷಕರ ಸಂಘಕ್ಕೆ ಅವರೇ ಅಧ್ಯಕ್ಷೆಯಂತೆ. ಕಾರ್ಯದರ್ಶಿಗಳು ಬೆವರು ಒರೆಸಿಕೊಳ್ಳುತ್ತ ಬಂದರು.

“ಏನಮ್ಮ ಇದು? ಮನೇಲಿ ಕುಡಿದ ಲೋಟ ಎತ್ತಿಡದ ಹುಡುಗನ ಕೈಲಿ ಮೂತ್ರದ ಪಾತ್ರೆ ಎತ್ತಿಸಿದ್ರಂತೆ!”

“ಖಾಲಿ ಪಾತ್ರೆ ಸ್ವಾಮಿ.”

“ಖಾಲಿನೋ ತುಂಬಿದ್ದೋ, ಏಯ್ ಗೀಯ್ ಅಂದ್ರಂತೆ, ನಿಲ್ಲಿಸಿ ಊಟ ಹಾಕಿದ್ರಂತೆ. ಎಲ್ರೂ ಮನೆಯವರೇ ಆಗಿರ್ಲಿ ಬಿಡಿ. ಆಳುಗಳಿಗೆ ಇವತ್ತು ರಜೆ ಅಂತ ಹೇಳಿಬಿಡಿ, ಮುಗೀತು.”

“ಆ ಕಾಲದಲ್ಲಿ ರಜೆ ಯಾರು ಕೊಡ್ತಿದ್ರು ಸ್ವಾಮಿ? ಆಳುಗಳಿಗೆ ರಜೆ ಕೊಟ್ರೆ ಆವತ್ತು ಮನೆಯವರಿಗೆ ಹಲ್ಲುಜ್ಜೋಕೆ ನೀರೂ ಇರ್ತಿರ್ಲಿಲ್ಲ.”

ಅವರು ತಲೆ ಚಚ್ಚಿಕೊಂಡು ಹೋದರು. ನಾನು ಬಿಡುವವಳಲ್ಲ.


ಜನವರಿ 16, ಮಂಗಳವಾರ

ಗಂಟೆಗಳ ಕತೆಯನ್ನು ತಂಗಿಗೆ ಮೂರನೇ ಸಲ ಹೇಳುತ್ತಿದ್ದೆ. ಅವಳು “ಹೂಂ, ಹೂಂ” ಅನ್ನುತ್ತಲೇ ಪದಬಂಧದ ಮನೆ ತುಂಬುತ್ತಿದ್ದಳು. ಕೇಳಿಸಿಕೊಂಡಿದ್ದು ಬಚ್ಚಲ ಹತ್ತಿರ ಪಾತ್ರೆ ಉಜ್ಜುತ್ತಿದ್ದವಳು.

“ಆಗ್ಲೂ ಬೆಲ್ ಹೊಡೆದೇ ಕರೀತಿದ್ರಾ ಅಮ್ಮ?”

“ಹೂಂ ಮತ್ತೆ. ಆಳುಗಳು ಕಣ್ಣಿಗೆ ಬೀಳಬಾರ್ದು ಅಂತ ಮೆಟ್ಟಿಲೂ ಬೇರೆ.”

“ನಾನು ಬೆಳಿಗ್ಗೆ ಹೋಗೋ ಆ ಎತ್ತರದ ಬಿಲ್ಡಿಂಗಲ್ಲೂ ನಮಗೆ ಲಿಫ್ಟು ಬೇರೆ. ಕಸದ ಚೀಲ, ನಾಯಿ, ನಾವು.”

ಅದು ಬೇರೆ ವಿಷಯ ಎಂದೆ. ಲಿಫ್ಟಿಗೂ ಮೆಟ್ಟಿಲಿಗೂ ಎಲ್ಲಿಯ ಹೋಲಿಕೆ? ಬಾಣಲೆಯ ತಳದ ವಿಷಯವನ್ನೂ ಅವಳಿಗೆ ಹೇಳಿದೆ. ಸರಿ ಎಂದಳು.


ಜನವರಿ 18, ಗುರುವಾರ

ಎರಡನೇ ತರಗತಿ. ಮೊದಲಿನದಕ್ಕಿಂತ ಬಿಗಿಯಾಗಿ ನಡೆಸಿದೆ. ಕಾರ್ಯದರ್ಶಿಗಳು ಬಾಗಿಲ ಸಂದಿಯಿಂದ ಇಣುಕಿದ್ದು ಗೊತ್ತಾಯಿತು. ಅವರಿಗೆ ಕೇಳಲಿ ಎಂದೇ ‘ಏಯ್’ ಅನ್ನು ಇನ್ನಷ್ಟು ಜೋರಾಗಿ ಹೇಳಿದೆ.

ಹೊರಡುವಾಗ ಹಲ್ಲಿಗೆ ತಂತಿ ಹಾಕಿಸಿಕೊಂಡ ಒಬ್ಬ ಹುಡುಗಿ ಹಿಂದೆ ಉಳಿದಳು. “ಅಜ್ಜಿ, ನೀವ್ಯಾಕೆ ಚೀಟಿ ಎತ್ತಲ್ಲ?”

“ಯಜಮಾನಿ ಚೀಟಿ ಎತ್ತಿದ್ರೆ ಮನೆ ನಡೆಯೋದು ಹೇಗಮ್ಮ?”

“ಆಗಿನವರೂ ಹಾಗೇ ಹೇಳ್ತಿದ್ರೇನೋ, ಅಲ್ವಾ?” ಎಂದು ಕೈಬೀಸಿ ಬಸ್ಸು ಹತ್ತಿದಳು. ಒಳ್ಳೆ ಹುಡುಗಿ. ಮಾತು ಸ್ವಲ್ಪ ಜಾಸ್ತಿ.


ಜನವರಿ 23, ಮಂಗಳವಾರ

ಪಾತ್ರೆಯವಳು ಇವತ್ತು ಕೆಲಸ ಮುಗಿದರೂ ಹೋಗಲಿಲ್ಲ. ಕೈ ಒರೆಸಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಸಂಬಳ ಮುಂಗಡ ಕೇಳುತ್ತಾಳೇನೋ ಅಂದುಕೊಂಡೆ.

“ಅಮ್ಮ, ಮುಂದಿನ ವಾರ ನನ್ನ ಮಗಳ ಶಾಲೆಯವರು ನಿಮ್ಮ ಹಳೇ ಮನೆಗೆ ಬರ್ತಾರಂತೆ.”

“ಅಯ್ಯೋ, ಒಳ್ಳೇದೇ ಆಯ್ತು! ಯಾವ ಹುಡುಗಿ, ಆ ಎರಡು ಜಡೆಯವಳಾ?”

“ಹೂಂ. ಒಂದು ಮಾತು ಕೇಳ್ಲಾ? ಅವಳಿಗೆ ಮಾತ್ರ ಆಳಿನ ಚೀಟಿ ಬರದ ಹಾಗೆ ಮಾಡಿ.”

ನಾನು ನಕ್ಕುಬಿಟ್ಟೆ. ಕಾರಿನಲ್ಲಿ ಬಂದು ದೂರು ಕೊಟ್ಟವರೂ ಅದನ್ನೇ ಕೇಳಿದ್ದರು ಎಂದೆ. ಚೀಟಿ ಅಂದರೆ ಚೀಟಿ, ನಾನು ಯಾರಿಗೂ ಭೇದ ಮಾಡುವವಳಲ್ಲ. ಆ ಕಾಲ ಹೇಗಿತ್ತೆಂದು ಮಕ್ಕಳಿಗೆ ಗೊತ್ತಾಗಬೇಡವೇ ಎಂದೆ.

“ಬೇರೆ ಮಕ್ಕಳಿಗೆ ಗೊತ್ತಾಗ್ಲಿ ಅಮ್ಮ. ಇವಳಿಗೆ ಹೊಸದಾಗಿ ಏನು ಗೊತ್ತಾಗ್ಬೇಕು? ರಜಾದಿನ ನನ್ನ ಜೊತೆ ಬಂದು ಹಿಂದಿನ ಬಾಗಿಲಲ್ಲೇ ನಿಲ್ತಾಳೆ. ನೀವು ಆ ಕಾಲ, ಆ ಕಾಲ ಅಂತೀರಿ. ನಂಗೆ ಅದು ಇವತ್ತು ಬೆಳಿಗ್ಗೆ.” ಮಾತು ಜೋರಿರಲಿಲ್ಲ. “ಒಂದು ದಿನ ಅವಳು ಆ ದೊಡ್ಡ ಮೆಟ್ಟಿಲು ಹತ್ಲಿ ಅಂತ, ಅಷ್ಟೇ.”

ಆಗುವುದಿಲ್ಲ ಎಂದೆ. ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ. ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಅಧ್ಯಕ್ಷೆಗೂ ಬಿಡಬೇಕಾಗುತ್ತದೆ. ನನ್ನ ಮಾತಿನಲ್ಲಿ ತಪ್ಪೇನಿದೆ? ಅವಳು ತಲೆಯಾಡಿಸಿ ಹೋದಳು.

ತಂಗಿ ಪೆನ್ಸಿಲ್ ಕೆಳಗಿಟ್ಟಳು. “ನೀನು ಯಾವ ಶತಮಾನದವಳೇ?” ಎಂದಳು. ಎದ್ದು ಒಳಗೆ ಹೋದೆ.


ಜನವರಿ 25, ಗುರುವಾರ

ಮೂರನೇ ತರಗತಿ ಬಂದು ಹೋಯಿತು. ಗಂಟಲು ಸರಿಯಿಲ್ಲ. ‘ಏಯ್’ ಅನ್ನಲು ಹೋದರೆ ಕೆಮ್ಮು ಬಂತು.


ಜನವರಿ 27, ಶನಿವಾರ

ಕಾರ್ಯದರ್ಶಿಗಳ ಕೊನೆಯ ಮಾತು. ಬರುವ ಗುರುವಾರ ತಾವೂ ಬಂದು ಕೂರುತ್ತಾರೆ, ಪೋಷಕರ ಅಧ್ಯಕ್ಷೆಯನ್ನೂ ಕರೆದಿದ್ದಾರೆ. “ಹಿಂದಿನ ಅಡುಗೆಮನೆಗೆ ಬೀಗ ಹಾಕಿ. ಆ ಏಕವಚನ ನನ್ನ ಕಿವಿಗೆ ಬೀಳಬಾರ್ದು. ಬಿತ್ತೋ, ಶುಕ್ರವಾರ ಬೀಗದ ಕೈ ವಾಪಸ್ ಕೊಡಿ. ಫೋಟೋದವರು ಮುಂಗಡ ಕೊಡೋಕೆ ಕಾಯ್ತಾ ಕೂತಿದಾರೆ.”

“ಆಳುಗಳಿಲ್ಲದ ಮನೆ ತೋರಿಸಿದ್ರೆ, ಇಷ್ಟು ದೊಡ್ಡ ಮನೆ ತನ್ನಷ್ಟಕ್ಕೆ ತಾನೇ ಗುಡಿಸ್ಕೊಳ್ತಿತ್ತು ಅಂದ್ಕೋತಾರೆ ಮಕ್ಕಳು.”

“ಅಂದ್ಕೊಳ್ಲಿ ಬಿಡಿ! ಯಾರಿಗೇನು ನಷ್ಟ?”

ನನಗೆ ನಷ್ಟ. ಬೀಗ ಹಾಕುವುದಿಲ್ಲ. ಮನೆ ಹೋದರೆ ಹೋಗಲಿ. ಹೀಗೆ ಬರೆಯುವುದು ಸುಲಭ. ಮನೆ ಹೋದರೆ ನಾನು ಗುರುವಾರ ಎಲ್ಲಿಗೆ ಹೋಗಲಿ? ಆದರೂ ಬೀಗ ಹಾಕುವುದಿಲ್ಲ.

ಪಾತ್ರೆಯಾಕೆ ಬಂದು ಕೆಲಸ ಮುಗಿಸಿ ಹೋದಳು. ಬಾಣಲೆಯ ತಳದಲ್ಲಿ ಮುಖ ಕಾಣುತ್ತಿತ್ತು.


ಜನವರಿ 30, ಮಂಗಳವಾರ

ಮಧ್ಯಾಹ್ನ ಚೀಟಿ ಬರೆಯುತ್ತ ಕೂತೆ. ಆಳಿನ ಚೀಟಿಗಳ ಮೂಲೆಯನ್ನು ಸ್ವಲ್ಪ ಮಡಿಸಿದರೆ ಸಾಕು, ಎರಡು ಜಡೆಯವಳು ಕೈ ಹಾಕುವಾಗ ಡಬ್ಬಿಯನ್ನು ಒಂದಿಷ್ಟು ವಾಲಿಸಬಹುದು. ಹೊಲಿಗೆಯ ಕೈ, ಇಂಥದ್ದೆಲ್ಲ ಗೊತ್ತು. ಮಡಿಸಿದೆ. ಬಿಡಿಸಿದೆ. ಮತ್ತೆ ಮಡಿಸಿದೆ.

“ಚೀಟಿ ಬರೀತಿದೀಯೋ ಇಸ್ತ್ರಿ ಮಾಡ್ತಿದೀಯೋ?” ಎಂದಳು ತಂಗಿ.

ಎಲ್ಲ ಹರಿದು ಹೊಸದಾಗಿ ಬರೆದೆ. ಆಟ ಮೋಸದ್ದಾದರೆ ನಾನೂ ಫೋಟೋದವರೂ ಒಂದೇ. ಆದರೆ ಹಲ್ಲಿನ ತಂತಿಯ ಹುಡುಗಿಯ ಮಾತು ಕಿವಿಯಲ್ಲೇ ಕೂತಿದೆ. ಈ ಸಲ ಯಜಮಾನರ ಚೀಟಿಯೂ ಡಬ್ಬಿಗೆ ಹೋಗಲಿ. ಆಳಿನ ನಾಲ್ಕು ಚೀಟಿಗಳಲ್ಲಿ ಒಂದನ್ನು ಎತ್ತಿ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಒಂದು ಜಾಗ ನನಗೆ. ಉಳಿದ ಮೂರು ಯಾರ ಹಣೆಗೋ.

ಪಾತ್ರೆಯಾಕೆ ಹೊರಡುವಾಗ ಹೇಳಿದೆ, ಚೀಟಿ ನಾನು ಮುಟ್ಟುವುದಿಲ್ಲ ಎಂದು. “ಗೊತ್ತು ಬಿಡಿ ಅಮ್ಮ” ಎಂದರು. ಬಯ್ದಿದ್ದರೆ ವಾಸಿಯಾಗಿತ್ತು.


ಫೆಬ್ರವರಿ 1, ಗುರುವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಕಾರ್ಯದರ್ಶಿಗಳೂ ಅಧ್ಯಕ್ಷೆಯೂ ಹಜಾರದ ಗೋಡೆ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಹಿಂದಿನ ಅಡುಗೆಮನೆಯ ಬಾಗಿಲನ್ನು ನಾನು ಹಾರುಹೊಡೆದು ತೆಗೆದಿಟ್ಟಿದ್ದೆ. ಕಾರ್ಯದರ್ಶಿಗಳು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು.

ನನ್ನ ಚೀಟಿಯನ್ನು ಎಲ್ಲರೆದುರು ಬಿಚ್ಚಿ ಓದಿದೆ: ಆಳು. ಶಾಲು ತೆಗೆದು ಗೂಟಕ್ಕೆ ಹಾಕಿದೆ. ಮಕ್ಕಳು ಹೋ ಎಂದರು. ಯಜಮಾನರ ಚೀಟಿ ದಪ್ಪ ಕನ್ನಡಕದ ಒಬ್ಬ ಹುಡುಗನಿಗೆ ಬಂತು. ಅವನು ದೊಡ್ಡ ಕುರ್ಚಿ ಏರಿದ. ಕಾಲು ನೆಲಕ್ಕೆ ಎಟುಕಲಿಲ್ಲ, ಆದರೆ ಗತ್ತಿಗೇನೂ ಕೊರತೆಯಿರಲಿಲ್ಲ.

ಎರಡು ಜಡೆಯವಳು ಎತ್ತಿದಳು. ಬಿಚ್ಚಿ ನೋಡಿದಳು. ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡು, ದಾರಿ ಯಾರನ್ನೂ ಕೇಳದೆ, ಹಿಂದಿನ ಅಡುಗೆಮನೆ ಕಡೆಗೆ ನಡೆದಳು.

ಅವಳ ಹಿಂದೆಯೇ ಹೋದೆ. ಇನ್ನಿಬ್ಬರು ಹುಡುಗರೂ ಬಂದರು. ಕತ್ತಲಲ್ಲಿ ನಾಲ್ವರೂ ನಿಂತೆವು. “ಅಜ್ಜಿ, ನೀವು ಬೇಕಂತ್ಲೇ ಬಂದ್ರಾ?” ಎಂದಳು ಅವಳು. ಹೌದು ಎಂದೆ. “ನಾನು ಬೇಕಂತ ಬರ್ಲಿಲ್ಲ” ಎಂದಳು.

ಗಂಟೆ ಕುಣಿಯಿತು. ಹಜಾರಕ್ಕೆ ಓಡಿದೆವು, ನಾನು ಮಂಡಿ ಹಿಡಿದುಕೊಂಡು. ಯಜಮಾನ ಬೆರಳು ತೋರಿಸಿದ.

“ಏಯ್, ನೀನು ನೀರು ಸೇದು. ನೀನು ಕಟ್ಟಿಗೆ ತಾ. ಲೇ ಎರಡು ಜಡೆ, ಆ ದೀಪದ ಗಾಜು ಒರೆಸು, ಬೇಗ!” ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೇಳಿದ. ಆಮೇಲೆ ಬೆರಳು ನನ್ನ ಕಡೆ ತಿರುಗಿತು. ಅಲ್ಲೇ ನಿಂತಿತು.

“ನೀವು…” ಎಂದ. ಎಂಜಲು ನುಂಗಿದ. “ನೀವು ನೆಲ ಒರೆಸು.”

ಇಡೀ ಹಜಾರ ಬಿದ್ದು ಬಿದ್ದು ನಕ್ಕಿತು. ಅವನ ಕಿವಿ ಕೆಂಪಾಯಿತು. ಮತ್ತೆ ಶುರು ಮಾಡಿದ: “ನೀನು ನೆಲ ಒರೆಸಿ.” ಇನ್ನೂ ಜೋರು ನಗು.

ಅವರ ಟೀಚರ್ ಹುರಿದುಂಬಿಸಿದರು. “ಹೇಳೋ, ಆಟ ತಾನೇ?”

“ಬಾಯಿಗೇ ಬರ್ತಿಲ್ಲ ಮಿಸ್! ಅಜ್ಜಿಗೆ ಹೆಂಗೆ ಹಂಗನ್ನೋದು?”

ಆಗ ಎರಡು ಜಡೆಯವಳು ದೀಪದ ಗಾಜನ್ನು ಮೇಜಿನ ಮೇಲಿಟ್ಟಳು. ನಗುತ್ತಿರಲಿಲ್ಲ. “ನಂಗೆ ಹೆಂಗೆ ಬಂತು ನಿಂಗೆ?” ಎಂದಳು. ಆಳು ಯಜಮಾನನಿಗೆ ‘ನೀವು’ ಅನ್ನಬೇಕೆಂಬ ನಿಯಮ ಅವಳಿಗೂ ಮರೆತಿತ್ತು, ನೆನಪಿಸಲು ನಾನೂ ಹೋಗಲಿಲ್ಲ. “ಅವ್ರೂ ಆಳು, ನಾನೂ ಆಳು. ಅವರಿಗೆ ನೀವು ಅನ್ನೋದಾದ್ರೆ ನಂಗೂ ಅನ್ನು. ನಂಗೆ ಏಯ್ ಅನ್ನೋದಾದ್ರೆ ಅಜ್ಜಿಗೂ ಏಯ್ ಅನ್ನು.”

ಹುಡುಗ ಟೀಚರನ್ನು ನೋಡಿದ. ಟೀಚರ್ ಕಾರ್ಯದರ್ಶಿಗಳನ್ನು ನೋಡಿದರು. ಕಾರ್ಯದರ್ಶಿಗಳು ಚಾವಣಿ ನೋಡಿದರು. ಯಾರೂ ಸಹಾಯಕ್ಕೆ ಬರಲಿಲ್ಲ. ಆಮೇಲೆ ಆ ಹುಡುಗ ಏನು ಮಾಡಿದ ಗೊತ್ತೇ? ನಾವೆಲ್ಲ ಹೊಸ ನೆಂಟರ ಎದುರು, ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದಾಗ ಮಾಡುತ್ತೇವಲ್ಲ, ಅದನ್ನೇ. ಯಾರಿಗೂ ಹೇಳದ ಹಾಗೆ ಗಾಳಿಗೆ ಹೇಳತೊಡಗಿದ.

“ನೆಲ… ಒರೆಸಿದ್ರೆ ಆಗ್ತಿತ್ತು.” ಯಾರೂ ಅಲುಗಲಿಲ್ಲ. “ನೀರು ಬೇಕಿತ್ತು.” ಬಾವಿಗೆ ಹೋಗಬೇಕಿದ್ದ ಹುಡುಗ ಕೊಡ ಹಿಡಿದು ನಿಂತೇ ಇದ್ದ. “ದೀಪದ ಗಾಜು ಇನ್ನೂ ಕೊಳೆಯಾಗಿದೆಯಪ್ಪ” ಎಂದು ದೀಪಕ್ಕೇ ಹೇಳಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡರು. ಅವನಿಗೂ ನಗು ತಡೆಯಲಾಗಲಿಲ್ಲ.

ನಾನು ಮಾತ್ರ ಆಳಿನ ಕೆಲಸ ಬಿಡಲಿಲ್ಲ. ಬಟ್ಟೆ ಅದ್ದಿ, ಮಂಡಿಯೂರಿ ಒರೆಸತೊಡಗಿದೆ. ಅರ್ಧ ಹಜಾರ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು “ಅಮ್ಮಾ” ಎಂದೆ. ಆಗಲೇ ಅದು ಆದದ್ದು.

ಅಧ್ಯಕ್ಷೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಮರುಕದಿಂದಲೇ, ಅದರಲ್ಲಿ ಅನುಮಾನವಿಲ್ಲ. “ಛೆ, ಪಾಪ, ವಯಸ್ಸಾದವರು! ಏ ಹುಡುಗಿ, ಅವರ ಕೈಯಿಂದ ಆ ಬಟ್ಟೆ ಇಸ್ಕೊಂಡು ನೀನೇ ಒರೆಸಿಬಿಡು, ಹೋಗು” ಎಂದರು, ಎರಡು ಜಡೆಯವಳಿಗೆ.

ಹತ್ತಿರದಲ್ಲೇ ಕೂತಿದ್ದ ಬೇರೆ ಐದಾರು ಮಕ್ಕಳಿಗಲ್ಲ, ಅವಳಿಗೆ. ಅವಳು ಬಗ್ಗಿದಳೂ ಕೂಡ.

ಕುರ್ಚಿಯ ಮೇಲಿನ ಯಜಮಾನ, ನಿಜವಾಗಿ ತಿಳಿದುಕೊಳ್ಳಲೆಂದೇ, ಕೇಳಿದ: “ಆಂಟಿ, ನೀವೂ ಆಟದಲ್ಲಿ ಇದೀರಾ?”

ಅವರು ಮೆಲ್ಲಗೆ ಕುರ್ಚಿಗೆ ಒರಗಿಕೊಂಡರು. ಹುಡುಗ ಕುರ್ಚಿಯಿಂದ ಜಾರಿ ಇಳಿದು ಬಂದ, ಬಕೆಟ್ಟಿನಲ್ಲಿದ್ದ ಇನ್ನೊಂದು ಬಟ್ಟೆ ತೆಗೆದು ನನ್ನ ಪಕ್ಕ ಕೂತ. “ಯಜಮಾನರು ಒರೆಸಬಾರ್ದು” ಎಂದು ಯಾರೋ ಹಿಂದಿನಿಂದ ಕೂಗಿದರು. “ಹೇಳೋದಕ್ಕಿಂತ ಇದೇ ಸುಲಭ” ಎಂದ. ಎರಡು ಜಡೆಯವಳು ನನ್ನನ್ನೇ ನೋಡುತ್ತಿದ್ದಳು. “ಅಜ್ಜಿ, ನೀವು ಬಟ್ಟೆ ಹಿಂಡೋದನ್ನ ನಮ್ಮಮ್ಮ ನೋಡಿದ್ರೆ ನಿಮ್ಮನ್ನ ಕೆಲಸದಿಂದ ತೆಗೆದುಹಾಕ್ತಾರೆ” ಎಂದಳು. ಆ ಹೊತ್ತಿಗೆ ಅವಳೂ ನಕ್ಕಳು. ಮತ್ತೆ ಗಂಟೆ ಕುಣಿಯಲಿಲ್ಲ. ಊಟದ ಹೊತ್ತಿಗೆ ಆಳುಗಳು ನಿಂತೇ ಇದ್ದೆವು, ಅದನ್ನು ನಾನು ಬಿಡಲಿಲ್ಲ. ಮನೆಯವರೇ ಅವಸರ ಅವಸರವಾಗಿ ಉಂಡು ಎದ್ದರು.

ಕೊನೆಗೆ ಎಲ್ಲರೂ ಒರೆಸಿದ ನೆಲದ ಮೇಲೆ ಸುತ್ತ ಕೂತಾಗ ಯಜಮಾನ ಕೇಳಿದ:

“ಆಗಿನ ಆಳುಗಳಲ್ಲಿ ಅಜ್ಜಿಯರು ಇರ್ತಿರ್ಲಿಲ್ವಾ?”

“ಬೇಕಾದಷ್ಟು ಜನ ಇದ್ರು.”

“ಅವರಿಗೆ ಏನಂತ ಕರೀತಿದ್ರು?”

“ಏಯ್ ಅಂತ.”

“ನನ್ನಷ್ಟು ಚಿಕ್ಕ ಹುಡುಗ್ರೂ?”

“ನಿನಗಿಂತ ಚಿಕ್ಕವರೂ.”

“ಬಾಯಿಗೆ ಬರ್ತಿತ್ತಾ?”

“ಬರ್ತಿತ್ತಪ್ಪ. ಮಾತು ಕಲಿಯುವಾಗಲೇ ಅಭ್ಯಾಸ ಆಗಿಬಿಡ್ತಿತ್ತು. ಅಭ್ಯಾಸ ಆದ ಮೇಲೆ ಅದು ಕಾಣೋದೇ ಇಲ್ಲ.”

ಅವನು ಎರಡು ಜಡೆಯವಳ ಕಡೆ ನೋಡಿ, ನೋಡದವನ ಹಾಗೆ ಕನ್ನಡಕ ಒರೆಸಿಕೊಂಡ.

ಅಧ್ಯಕ್ಷೆ ಯಾರಿಗೂ ಹೇಳದೆ ಹೊರಟುಹೋಗಿದ್ದರು. ಕಾರ್ಯದರ್ಶಿಗಳು “ನಾಳೆ ಬರ್ತೀನಿ” ಎಂದಷ್ಟೇ ಹೇಳಿದರು. ಹೊರಡುವ ಮುಂಚೆ ಎರಡು ಜಡೆಯವಳು ಒಬ್ಬಳೇ ದೊಡ್ಡ ಮೆಟ್ಟಿಲು ಹತ್ತಿ, ಮೇಲೆ ಒಂದು ಗಳಿಗೆ ನಿಂತು, ಪಕ್ಕದ ಕಂಬಿ ಹಿಡಿಯದೆ ಇಳಿದು ಬಂದಳು. ನಾನು ಹೇಳಿದ್ದಲ್ಲ.


ಫೆಬ್ರವರಿ 2, ಶುಕ್ರವಾರ

ಬೀಗದ ಕೈಯನ್ನು ಒರೆಸಿ ಮೇಜಿನ ಮೇಲಿಟ್ಟುಕೊಂಡು ಕಾದೆ. ಅವರು ಕೇಳುವ ಮುಂಚೆಯೇ ಕೊಟ್ಟುಬಿಡಬೇಕೆಂದಿದ್ದೆ. ಕಾರ್ಯದರ್ಶಿಗಳು ಕೂತರು, ಬೆವರು ಒರೆಸಿಕೊಂಡರು.

“ಒಂದು ಒಪ್ಪಂದಕ್ಕೆ ಬರೋಣ ಅಮ್ಮ. ಅಡುಗೆಮನೆ ಇರ್ಲಿ, ಗಂಟೆ ಇರ್ಲಿ, ಆ ಪಾತ್ರೆನೂ ಇರ್ಲಿ. ಏಕವಚನ ಒಂದು ಬಿಟ್ಬಿಡಿ.”

“ಅದೊಂದೇ ಸ್ವಾಮಿ ಆ ಮನೇಲಿ ನಿಜವಾಗಿ ಹಳೇದು. ಉಳಿದಿದ್ದೆಲ್ಲ ಬಣ್ಣ ಬಳಿದದ್ದು” ಎಂದು ಬೀಗದ ಕೈಯನ್ನು ಅವರ ಕಡೆ ತಳ್ಳಿದೆ.

ಅವರು ಅದನ್ನು ಮುಟ್ಟಲಿಲ್ಲ. “ಅಧ್ಯಕ್ಷೆ ಬೆಳಿಗ್ಗೆ ಫೋನ್ ಮಾಡಿದ್ರು” ಎಂದರು. “ಮುಚ್ಚಿ ಅಂತಾರೆ ಅಂದ್ಕೊಂಡೆ. ಮುಚ್ಚಿ ಅನ್ಲಿಲ್ಲ. ಸರಿ ಅಂತಾನೂ ಅನ್ಲಿಲ್ಲ. ಮುಂದೆ ಪೋಷಕರು ಬಂದ್ರೆ ಅವರೂ ಚೀಟಿ ಎತ್ತಬೇಕಾ ಅಂತ ಕೇಳಿದ್ರು.”

“ನೀವೇನಂದ್ರಿ?”

“ನಿಮ್ಮನ್ನ ಕೇಳಿ ಹೇಳ್ತೀನಿ ಅಂದೆ.”

“ಎತ್ತಬೇಕು. ನೀವೂ.”

“ನಾನಾ!” ಎಂದು ಎದ್ದು ನಿಂತರು. ಬೀಗದ ಕೈಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ವಾಪಸ್ ತಳ್ಳಿದರು. “ಫೋಟೋದವರಿಗೆ ಏನು ಹೇಳ್ಲಿ ಈಗ?” ಎಂದು ತಮಗೆ ತಾವೇ ಗೊಣಗುತ್ತ ಇಳಿದು ಹೋದರು.

ಸಂಜೆ ಪಾತ್ರೆಯವರು ಬಂದರು. ಮಗಳು ಮನೆಯಲ್ಲಿ ಎಲ್ಲವನ್ನೂ ಆಡಿ ತೋರಿಸಿದ್ದಾಳಂತೆ, ನಾನು ಸೊಂಟ ಹಿಡಿದುಕೊಂಡಿದ್ದನ್ನೂ ಸೇರಿಸಿ. ಚೀಟಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಸರಿಹೋಗಿದೆ ಎಂದು ನಾನು ಬರೆಯುವುದಿಲ್ಲ. ಒಂದು ಲೋಟ ಚಹಾ ಹೆಚ್ಚಿಗೆ ಮಾಡಿದ್ದೆ.

“ನೀವು ಮೊದಲು ಚಹಾ ಕುಡೀರಿ, ಪಾತ್ರೆ ಎಲ್ಲಿ ಓಡಿ ಹೋಗುತ್ತೆ” ಎಂದೆ.

ಒಳಗಿನಿಂದ ತಂಗಿ ಕೂಗಿದಳು: “ಅಕ್ಕಾ, ಯಾರ್ ಬಂದಿದಾರೆ? ಮಂತ್ರಿಗಳಾ?”

ಪಾತ್ರೆಯವರು ನನ್ನನ್ನೇ ಅನುಮಾನದಿಂದ ನೋಡಿದರು. “ನಂಗ್ಯಾಕಮ್ಮ ನೀವು ಗೀವು ಅಂತಿದೀರಿ? ಬಾಣಲೆ ಸರಿಯಾಗಿಲ್ಲ ಅಂತ ಕೋಪವಾ?”

ನಾನೆಲ್ಲಿ ಹಾಗಂದೆ? ಯಾವಾಗಲೂ ಅನ್ನುವ ಹಾಗೇ ಅಂದದ್ದು. ಇವರಿಬ್ಬರಿಗೂ ಕಿವಿ ಪರೀಕ್ಷೆ ಮಾಡಿಸಬೇಕು. “ಕೋಪ ಯಾಕೆ, ಕೂತ್ಕೊಳ್ಳಿ ಸುಮ್ನೆ” ಎಂದೆ. ಅವರು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲೂ ಏಳಲು ತಯಾರಾದವರ ಹಾಗೆ ಕೂತರು. ಚಹಾ ಬಿಸಿಯಿತ್ತು. ಒಂದು ಗುಟುಕಾದ ಮೇಲೆ ಸ್ವಲ್ಪ ಹಿಂದಕ್ಕೆ ಸರಿದರು. ಇನ್ನೊಂದು ಗುಟುಕಿಗೆ ಬೆನ್ನು ಒರಗಿತು.

ಲೋಟ ಖಾಲಿಯಾದ ಮೇಲೆ ಎದ್ದು, ಸೆರಗು ಭುಜಕ್ಕೆ ಎಳೆದುಕೊಂಡು, ಮೂಗು ಮೇಲೆತ್ತಿ, “ಹಾಗಾದ್ರೆ ಕೇಳಿ. ನಾಳೆ ನಾವು ಬರೋದಿಲ್ಲ. ನಮಗೆ ರಜೆ” ಎಂದರು.

ಒಳಗೆ ತಂಗಿಯ ಪೆನ್ಸಿಲ್ ಬಿದ್ದ ಸದ್ದು. ನಾವು ಮೂವರೂ ನಕ್ಕ ನಗುವಿಗೆ ಕೆಳಗಿನ ಮನೆಯವರು ಕಿಟಕಿ ತೆಗೆದು ನೋಡಿದರು. ಆದರೆ ತಮಾಷೆಯಲ್ಲ, ನಿಜವಾಗಿಯೂ ನಾಳೆ ಬರುವುದಿಲ್ಲವಂತೆ. ಮಗಳ ಜೊತೆ ಎಲ್ಲೋ ಹೋಗುವುದಿದೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.